ಬ್ರೇಕ್ ಬಂದಾಗ ನಾನು ಚಾನೆಲ್ ಬದಲಾಯಿಸುವುದಿಲ್ಲ

ಟಿವಿಯಲ್ಲಿ ಬ್ರೇಕ್ ಬಂದ ಕೂಡಲೇ ರಿಮೋಟ್ ಹುಡುಕುವವರೇ ಜಾಸ್ತಿ. ನಾನು ಹಾಗಲ್ಲ. ಜಾಹೀರಾತುಗಳನ್ನು ಕೂತು ನೋಡುತ್ತೇನೆ. ಚೆನ್ನಾಗಿದ್ದರೆ ಯೂಟ್ಯೂಬ್‌ನಲ್ಲಿ ಹುಡುಕಿ ಮತ್ತೆ ನೋಡುತ್ತೇನೆ. ಮೂವತ್ತು ಸೆಕೆಂಡಿನಲ್ಲಿ ಒಂದು ಕತೆ ಹೇಳಿ, ಒಂದು ವಸ್ತು ತೋರಿಸಿ, ಅದು ಮನಸ್ಸಿನಲ್ಲಿ ಉಳಿಯುವ ಹಾಗೆ ಮಾಡುವುದು ಸುಲಭದ ಕೆಲಸ ಅಲ್ಲ. ಅದನ್ನು ಚೆನ್ನಾಗಿ ಮಾಡಿದವರ ಬಗ್ಗೆ ತುಂಬಾ ಗೌರವ ಇದೆ. ಕೆಟ್ಟದಾಗಿ ಮಾಡಿದವರ ಮೇಲೆ ಅಷ್ಟೇ ಸಿಟ್ಟೂ ಇದೆ. ಇವತ್ತು ಎರಡನ್ನೂ ಬರೆದುಬಿಡುತ್ತೇನೆ.

ನಾನು ಜಾಹೀರಾತು ನೋಡುವಾಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ನೋಡುವವರಿಗೂ ತಲೆ ಇದೆ ಅಂತ ಇದನ್ನು ಮಾಡಿದವರು ನಂಬಿದ್ದಾರಾ? ನಂಬಿದ್ದರೆ ಗೊತ್ತಾಗುತ್ತದೆ. ನಂಬದಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಮೊದಲು ಒಳ್ಳೆಯದು. 2003ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಹೋಂಡಾ ಅಕಾರ್ಡ್ ಕಾರಿನ ಎರಡು ನಿಮಿಷದ ಜಾಹೀರಾತು ಬಂತು. ಮನುಷ್ಯರೇ ಕಾಣುವುದಿಲ್ಲ. ಕಾರಿನ ಒಂದು ಸಣ್ಣ ಬಿಡಿಭಾಗ ಉರುಳಿ ಇನ್ನೊಂದಕ್ಕೆ ತಾಗುತ್ತದೆ. ಅದು ಮತ್ತೊಂದನ್ನು ತಳ್ಳುತ್ತದೆ. ಹೀಗೇ ಸಾಗುತ್ತದೆ. ವೈಪರ್‌ಗಳು ನೆಲದ ಮೇಲೆ ತೆವಳುತ್ತವೆ. ಟೈರುಗಳು ಇಳಿಜಾರಿನಲ್ಲಿ ಮೇಲಕ್ಕೆ ಉರುಳುತ್ತವೆ! ಮೊದಲ ಸಲ ನೋಡಿದಾಗ ಇದು ಕಂಪ್ಯೂಟರ್ ಕೈಚಳಕ ಅಂತ ಅನಿಸುತ್ತದೆ. ನಿಜಕ್ಕೂ ಟೈರಿನ ಒಳಗೆ ತೂಕ ಇಟ್ಟಿದ್ದರು. ಸ್ವಲ್ಪ ತಳ್ಳಿದರೆ ಸಾಕು, ಆ ತೂಕ ಕೆಳಗೆ ಬರುವ ಭರದಲ್ಲಿ ಟೈರು ಮೇಲಕ್ಕೆ ಹೋಗುತ್ತಿತ್ತು. ಒಂದೊಂದು ನಿಮಿಷದ ಎರಡು ಶಾಟ್ ತೆಗೆದು ಜೋಡಿಸಿದ್ದಾರೆ, ಅಷ್ಟೇ. ಕೊನೆಗೆ ಇಡೀ ಕಾರು ಮೆಲ್ಲಗೆ ಇಳಿದು ಬಂದು ನಿಲ್ಲುತ್ತದೆ. ಎಲ್ಲವೂ ಸರಿಯಾಗಿ ಕೆಲಸ ಮಾಡಿದರೆ ಎಷ್ಟು ಚೆಂದ ಅನ್ನುವ ಅರ್ಥದ ಒಂದೇ ಒಂದು ಮಾತು ಕೇಳುತ್ತದೆ.

ಇದರಲ್ಲಿ ನನಗೆ ಇಷ್ಟವಾಗಿದ್ದು ಏನು ಅಂದರೆ, ಕಾರನ್ನು ಬಿಟ್ಟು ಬೇರೆ ಏನೂ ಇಲ್ಲ. ಬೆಟ್ಟದ ರಸ್ತೆ ಇಲ್ಲ, ಹಿಂದೆ ತಿರುಗಿ ನೋಡುವ ಸುಂದರಿ ಇಲ್ಲ, ಸ್ಟಾರ್ ಇಲ್ಲ. ಒಂದು ಭಾಗ ಇನ್ನೊಂದಕ್ಕೆ ಎಷ್ಟು ನಿಖರವಾಗಿ ಸ್ಪಂದಿಸುತ್ತದೆ ಅನ್ನುವುದೇ ಕತೆ. ಅದನ್ನು ನೋಡಿ ಈ ಕಂಪನಿಯ ಎಂಜಿನಿಯರುಗಳ ಬಗ್ಗೆ ಏನು ಅಂದುಕೊಳ್ಳಬೇಕು ಅನ್ನುವುದನ್ನು ನಮಗೇ ಬಿಟ್ಟಿದ್ದಾರೆ. ಹೇಳದೆ ಬಿಟ್ಟಿದ್ದನ್ನು ನಾವೇ ಅರ್ಥ ಮಾಡಿಕೊಂಡಾಗ ಆಗುವ ಖುಷಿಯೇ ಬೇರೆ.

ಈಗ ಇದರ ಎದುರಿಗೆ ಹಳೆಯ ಕತೆಯೊಂದನ್ನು ಇಡುತ್ತೇನೆ. 1959ರ ಸುಮಾರಿಗೆ ಅಮೆರಿಕದ ಟಿವಿಯಲ್ಲಿ ರ‍್ಯಾಪಿಡ್ ಶೇವ್ ಅನ್ನುವ ಶೇವಿಂಗ್ ಕ್ರೀಮಿನ ಜಾಹೀರಾತು ಬರುತ್ತಿತ್ತು. ಮರಳು ಕಾಗದಕ್ಕೆ, ಅಂದರೆ ಸ್ಯಾಂಡ್‌ಪೇಪರಿಗೆ, ಕ್ರೀಮ್ ಹಚ್ಚುತ್ತಾರೆ. ಕೂಡಲೇ ರೇಜರ್ ಎಳೆಯುತ್ತಾರೆ. ಒಂದೇ ಎಳೆತಕ್ಕೆ ಮರಳೆಲ್ಲ ಮಾಯ! ಇಷ್ಟು ಒರಟು ಮೇಲ್ಮೈಯನ್ನೇ ನುಣುಪು ಮಾಡುವ ಕ್ರೀಮು ನಿಮ್ಮ ಗಡ್ಡಕ್ಕೆ ಯಾವ ಲೆಕ್ಕ ಅನ್ನುವ ಅರ್ಥ. ನಿಜ ಏನು ಅಂದರೆ, ಅಲ್ಲಿ ಇದ್ದದ್ದು ಸ್ಯಾಂಡ್‌ಪೇಪರೇ ಅಲ್ಲ. ಪ್ಲಾಸ್ಟಿಕ್ಕಿನ ಗಾಜಿನಂಥ ಹಾಳೆಯ ಮೇಲೆ ಮರಳು ಉದುರಿಸಿದ್ದರು. ನಿಜವಾದ ಸ್ಯಾಂಡ್‌ಪೇಪರ್ ಆಗಿದ್ದರೆ ಸುಮಾರು 80 ನಿಮಿಷ ನೆನೆಸಬೇಕಿತ್ತು.

ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1965ರಲ್ಲಿ ಕಂಪನಿ ಸೋತಿತು. ನನಗೆ ಈ ತೀರ್ಪು ಇಷ್ಟವಾಗುವುದಕ್ಕೆ ಒಂದು ಕಾರಣ ಇದೆ. ಶೂಟಿಂಗ್‌ನಲ್ಲಿ ನಕಲಿ ವಸ್ತು ಬಳಸಲೇಬಾರದು ಅಂತ ಕೋರ್ಟ್ ಹೇಳಲಿಲ್ಲ. ಸ್ಟುಡಿಯೋ ದೀಪದ ಬಿಸಿಗೆ ಐಸ್‌ಕ್ರೀಂ ಕರಗುತ್ತದೆ ಅಂತ ಅದರ ಜಾಗದಲ್ಲಿ ಬೇಯಿಸಿ ಹಿಸುಕಿದ ಆಲೂಗಡ್ಡೆ ಇಟ್ಟು ಒಂದು ದೃಶ್ಯ ತೆಗೆದರೆ ತಪ್ಪಿಲ್ಲ. ಆದರೆ ‘ಇಗೋ ಸಾಕ್ಷಿ, ನಿಮ್ಮ ಕಣ್ಣಾರೆ ನೋಡಿ’ ಅಂತ ತೋರಿಸುವಾಗ ಆ ಸಾಕ್ಷಿಯೇ ಸುಳ್ಳಾಗಿರಬಾರದು. ಎಷ್ಟು ಸರಿಯಾದ ಮಾತು ಅಲ್ವಾ? ಸಿನಿಮಾದಲ್ಲಿ ಮಳೆ ಬಂದರೆ ಅದು ನಲ್ಲಿ ನೀರು ಅಂತ ಎಲ್ಲರಿಗೂ ಗೊತ್ತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಾಕ್ಷಿ ಅಂತ ಹೇಳಿ ಕಣ್ಣಿಗೆ ಮಣ್ಣೆರಚಿದರೆ ಮಾತ್ರ ಮೈ ಉರಿಯುತ್ತದೆ. ಅದೇ ದೇಶದಲ್ಲಿ ಕ್ಯಾಂಪ್‌ಬೆಲ್ ಕಂಪನಿಯವರು ಸೂಪಿನ ಬಟ್ಟಲಿನ ತಳದಲ್ಲಿ ಗೋಲಿಗಳನ್ನು ಹಾಕಿ, ತರಕಾರಿ ಮೇಲೆ ತೇಲುವ ಹಾಗೆ ಮಾಡಿ ಸಿಕ್ಕಿಬಿದ್ದಿದ್ದರು.

ಇವತ್ತು ಇಷ್ಟು ಕಷ್ಟ ಪಡಬೇಕಾಗಿಲ್ಲ. ಅನಿಮೇಷನ್ ಇದೆ. ಬಟ್ಟೆಯ ಎಳೆಯೊಳಗೆ ನೀಲಿ ಬೆಳಕಿನ ಕಣಗಳು ನುಗ್ಗುತ್ತವೆ. ಹಲ್ಲಿನ ಸಂದಿಯಲ್ಲಿ ಹಸಿರು ಕ್ರಿಮಿಗಳು ಓಡಿ ಹೋಗುತ್ತವೆ. ಪರದೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಇದು ಕಾಲ್ಪನಿಕ ಚಿತ್ರಣ’ ಅಂತ ಬರುತ್ತದೆ. ಒಮ್ಮೆ ಆ ಸಾಲನ್ನು ಓದಿ ಮುಗಿಸಲು ಪ್ರಯತ್ನಿಸಿ. ಅರ್ಧ ಓದುವಷ್ಟರಲ್ಲಿ ಹೋಗಿರುತ್ತದೆ. ಓದಲಿ ಅಂತಲೇ ಹಾಕಿದ್ದರೆ ಓದುವಷ್ಟು ಹೊತ್ತು ಇಡುತ್ತಿದ್ದರು.

ಬಿಳಿ ಕೋಟಿನವರ ವಿಷಯಕ್ಕೂ ಇದೇ ಮಾತು. 2006ರಲ್ಲಿ ಲಿಪಿಟರ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆಯ ಜಾಹೀರಾತಿನಲ್ಲಿ ರಾಬರ್ಟ್ ಜಾರ್ವಿಕ್ ಬಂದರು. ಕೃತಕ ಹೃದಯದ ಕೆಲಸದಿಂದ ಹೆಸರಾದವರು. ಓದಿದ್ದು ವೈದ್ಯಕೀಯವೇ, ಆದರೆ ರೋಗಿಗಳನ್ನು ನೋಡುವ ಲೈಸೆನ್ಸ್ ಇರಲಿಲ್ಲ. ಜಾಹೀರಾತಿನಲ್ಲಿ ಅವರು ಸರೋವರದಲ್ಲಿ ದೋಣಿ ನಡೆಸುವ ಹಾಗೆ ಕಾಣುತ್ತದೆ. ದೋಣಿ ನಡೆಸಿದ್ದು ಅವರ ಬದಲಿಗೆ ನಿಂತ ಇನ್ನೊಬ್ಬರು! ಇದೆಲ್ಲ ಚರ್ಚೆಯಾಗಿ 2008ರಲ್ಲಿ ಕಂಪನಿ ಜಾಹೀರಾತನ್ನು ವಾಪಸ್ ತೆಗೆದುಕೊಂಡಿತು. ಔಷಧಿ ವಿಷಯದಲ್ಲಿ ಇಂಥದ್ದನ್ನು ನಾನು ಕ್ಷಮಿಸಲಾರೆ. ಸೋಪು ತಪ್ಪಾಗಿ ಕೊಂಡರೆ ಒಂದು ತಿಂಗಳು ಬೇಜಾರು. ಮಾತ್ರೆ ವಿಷಯ ಹಾಗಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ನಾಚಿಕೆ ಹುಟ್ಟಿಸಿ ಮಾರುವ ಜಾಹೀರಾತುಗಳು. ಇವುಗಳ ಕತೆ ನಿಮಗೂ ಬಾಯಿಪಾಠ ಆಗಿರುತ್ತದೆ. ಒಬ್ಬ ಹುಡುಗಿ ಒಂದು ಕೋಣೆಗೆ ಬರುತ್ತಾಳೆ. ಎದುರಿಗಿದ್ದವರು ಅವಳ ಮುಖ ನೋಡುತ್ತಾರೆ. ಅರ್ಧ ಕ್ಷಣ, ಅಷ್ಟೇ. ಅವಳು ತಲೆ ತಗ್ಗಿಸುತ್ತಾಳೆ. ಆ ಅರ್ಧ ಕ್ಷಣವನ್ನು ಎಷ್ಟು ಎಚ್ಚರಿಕೆಯಿಂದ ತೆಗೆದಿರುತ್ತಾರೆ ಗಮನಿಸಿ. ಹಿಂದಿನ ಸಂಗೀತ ನಿಲ್ಲುತ್ತದೆ. ಬೆಳಕು ಮಂಕಾಗುತ್ತದೆ. ಆಮೇಲೆ ಕ್ರೀಮ್ ಬರುತ್ತದೆ, ಬಣ್ಣ ಬದಲಾಗುತ್ತದೆ, ಅದೇ ಕೋಣೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಕ್ರೀಮು ಕೊಳ್ಳದವರ ಮನಸ್ಸಿನಲ್ಲೂ ಆ ಅರ್ಧ ಕ್ಷಣ ಉಳಿಯುತ್ತದೆ. ನನ್ನಲ್ಲೇ ಏನೋ ಕೊರತೆ ಇದೆ ಅನ್ನುವ ಭಾವನೆ ದುಡ್ಡಿಲ್ಲದೆ ಮನೆಗೆ ಬರುತ್ತದೆ. 2020ರಲ್ಲಿ ಯೂನಿಲಿವರ್ ತನ್ನ ಫೇರ್ ಅಂಡ್ ಲವ್ಲಿಯ ಹೆಸರನ್ನು ಗ್ಲೋ ಅಂಡ್ ಲವ್ಲಿ ಅಂತ ಬದಲಾಯಿಸಿತು. ಬದಲಾಯಿಸಿದ್ದು ಒಳ್ಳೆಯದೇ. ಆದರೆ ಅಷ್ಟು ವರ್ಷ ಆ ಮಾತು ಕೇಳಿಕೊಂಡು ಬೆಳೆದವರ ಮನಸ್ಸಿನಿಂದ ಅದನ್ನು ತೆಗೆಯುವುದು ಹೇಗೆ?

ಬೆವರು, ಬಾಯಿ ವಾಸನೆ, ಬಿಳಿ ಕೂದಲು, ಹೊಟ್ಟೆ, ಎತ್ತರ, ಎಲ್ಲಕ್ಕೂ ಇದೇ ದಾರಿ. ಡಿಯೋಡರೆಂಟಿನಿಂದ ನನಗೆ ತೊಂದರೆ ಇಲ್ಲ. ಬೆವರಿನ ವಾಸನೆ ಕಡಿಮೆ ಆಗುತ್ತದೆ ಅಂತ ಹೇಳಿ, ನಾನು ಕೊಳ್ಳುತ್ತೇನೆ. ಲಿಫ್ಟಿನಲ್ಲಿ ಇರುವವರೆಲ್ಲ ಮೂಗು ಮುಚ್ಚಿಕೊಳ್ಳುವುದನ್ನು ತೋರಿಸಿ ಒಬ್ಬ ಮನುಷ್ಯನನ್ನು ಕುಗ್ಗಿಸಬೇಡಿ.

ಕಾನೂನು ಬಂದರೆ ಸಾಕಾ? ಪೂರ್ತಿ ಸಾಲದು ಅಂತ ನನ್ನ ಅನಿಸಿಕೆ. 2019ರಲ್ಲಿ ಬ್ರಿಟನ್ನಿನಲ್ಲಿ, ಗಂಡಸರು ಹೀಗೇ, ಹೆಂಗಸರು ಹೀಗೇ ಅಂತ ಅಚ್ಚು ಹಾಕಿ ಹಾನಿ ಮಾಡುವ ಜಾಹೀರಾತುಗಳಿಗೆ ತಡೆ ಬಂತು. ಒಳ್ಳೆಯ ನಿಯಮ. ಆದರೆ ಮೊದಲು ನಿಂತುಹೋದ ಎರಡರಲ್ಲಿ ಒಂದು, ತಿಂಡಿಯ ಗುಂಗಿನಲ್ಲಿ ಅಪ್ಪಂದಿರು ಮಕ್ಕಳನ್ನು ಕನ್ವೇಯರ್ ಬೆಲ್ಟಿನ ಮೇಲೆ ಮರೆತುಬಿಡುವ ಚೀಸಿನ ಜಾಹೀರಾತು. ಅದು ತಮಾಷೆ. ಅಷ್ಟಕ್ಕೆ ತಡೆಯಬೇಕಿರಲಿಲ್ಲ ಅಂತ ನನಗೆ ಅನಿಸಿತು.

ಮಕ್ಕಳ ವಿಷಯದಲ್ಲಿ ಮಾತ್ರ ಎಷ್ಟು ಬಿಗಿಯಾದ ಕಾನೂನು ಬಂದರೂ ನನ್ನ ಒಪ್ಪಿಗೆ ಇದೆ. ಸ್ವೀಡನ್ನಿನಲ್ಲಿ 12 ವರ್ಷದ ಒಳಗಿನ ಮಕ್ಕಳನ್ನು ಗುರಿ ಮಾಡಿಕೊಂಡು ಟಿವಿ ಜಾಹೀರಾತು ಹಾಕುವ ಹಾಗಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1980ರಿಂದಲೇ 13 ವರ್ಷದ ಒಳಗಿನವರಿಗೆ ಹಾಗೆ ಮಾಡುವಂತಿಲ್ಲ. 2004ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಹೇಳಿದ್ದು ನೆನಪಿಡಬೇಕಾದ ಮಾತು: ಸುಮಾರು ಎಂಟು ವರ್ಷದ ಒಳಗಿನ ಮಕ್ಕಳಿಗೆ, ಜಾಹೀರಾತು ತಮ್ಮನ್ನು ಒಪ್ಪಿಸಲು ಮಾಡಿದ್ದು ಅನ್ನುವುದೇ ತಿಳಿಯುವುದಿಲ್ಲ. ದೊಡ್ಡವರಿಗೆ ಮಾರುವಾಗ ಇಬ್ಬರೂ ಎದುರುಬದುರು ನಿಂತಿರುತ್ತೇವೆ. ಅವರು ಮಾರಲು ಬಂದಿದ್ದಾರೆ ಅಂತ ನಮಗೆ ಗೊತ್ತು. ಮಗುವಿಗೆ ಅದೇ ಗೊತ್ತಿಲ್ಲ. ಕಾರ್ಟೂನಿನಲ್ಲಿ ಬರುವ ಗೆಳೆಯನೇ ಬಂದು ‘ಇದನ್ನು ತಿನ್ನು’ ಅಂದರೆ ಅದು ಗೆಳೆಯನ ಮಾತು ಅಂತಲೇ ನಂಬುತ್ತದೆ. ಆ ನಂಬಿಕೆಯನ್ನು ದುಡ್ಡು ಮಾಡಿಕೊಳ್ಳುವುದು ತಪ್ಪು, ಅಷ್ಟೇ.

ಇನ್ನು ಅಳಿಸುವ ಜಾಹೀರಾತುಗಳು. 2014ರಲ್ಲಿ ಥಾಯ್ ಲೈಫ್ ಇನ್ಶೂರೆನ್ಸ್ ಮಾಡಿದ್ದು ಬಹಳ ಜನ ನೋಡಿರಬಹುದು. ಒಬ್ಬ ಯುವಕ ದಿನಾ ಸಣ್ಣಪುಟ್ಟ ಒಳ್ಳೆಯ ಕೆಲಸ ಮಾಡುತ್ತಾನೆ. ಮೇಲಿನಿಂದ ಸುಮ್ನೆ ಸುರಿದು ಹೋಗುವ ನೀರಿನ ಕೆಳಗೆ ಒಣಗಿದ ಗಿಡದ ಕುಂಡವನ್ನು ಎಳೆದು ಇಡುತ್ತಾನೆ. ಬೀದಿ ನಾಯಿಗೆ ತನ್ನ ತಟ್ಟೆಯದನ್ನು ಹಾಕುತ್ತಾನೆ. ಬೀದಿಯಲ್ಲಿ ಕೂತ ತಾಯಿ ಮಗಳಿಗೆ ದುಡ್ಡು ಕೊಡುತ್ತಾನೆ. ಕೊನೆಗೆ ಆ ಹುಡುಗಿ ಶಾಲೆಯ ಸಮವಸ್ತ್ರ ಹಾಕಿಕೊಂಡು ಬರುತ್ತಾಳೆ. ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ. ಆದರೂ ಒಂದು ಅಳುಕು ಇದ್ದೇ ಇದೆ. ಇದರ ಕೊನೆಯಲ್ಲಿ ವಿಮೆ ಕಂಪನಿಯ ಹೆಸರಿನ ಬದಲು ಬ್ಯಾಂಕಿನದ್ದೋ ಪೇಂಟಿನದ್ದೋ ಹೆಸರು ಹಾಕಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ಪಾಲಿಸಿ ಬಗ್ಗೆ ಒಂದಕ್ಷರ ಇಲ್ಲ. ಕಿರುಚಿತ್ರವಾಗಿ ಪೂರ್ತಿ ಅಂಕ ಕೊಡುತ್ತೇನೆ, ಪಾಲಿಸಿ ತೆಗೆದುಕೊಳ್ಳುವಾಗ ಮಾತ್ರ ಷರತ್ತುಗಳನ್ನೇ ಓದುತ್ತೇನೆ.

ಕಣ್ಣೀರಿಗೂ ಹೇಳುವ ಮಾತಿಗೂ ನೇರ ಸಂಬಂಧ ಇದ್ದರೆ ಹೇಗಿರುತ್ತದೆ ಅನ್ನುವುದಕ್ಕೆ ಯೂಲ್ ಬ್ರಿನ್ನರ್ ಜಾಹೀರಾತು ನೋಡಬೇಕು. ಹೆಸರಾಂತ ನಟ. 1985ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಬದುಕಿದ್ದಾಗ ಕೊಟ್ಟ ಸಂದರ್ಶನದ ತುಣುಕನ್ನೇ ಬಳಸಿ, ಸತ್ತ ಮೇಲೆ ಟಿವಿಯಲ್ಲಿ ತೋರಿಸಿದರು. ನಾನೀಗ ಇಲ್ಲ, ನೀವು ಸಿಗರೇಟು ಸೇದಬೇಡಿ ಅಂತ ಕ್ಯಾಮೆರಾ ನೋಡಿ ಹೇಳುತ್ತಾರೆ. ಕೊಳೆತ ಶ್ವಾಸಕೋಶ ತೋರಿಸುವ ಅಗತ್ಯವೇ ಬೀಳಲಿಲ್ಲ.

ಕೊನೆಗೆ ಎರಡು ಸಣ್ಣ ದೂರುಗಳು. ಒಂದು, ಶಬ್ದ. ಕಾರ್ಯಕ್ರಮದಲ್ಲಿ ಪಿಸುಮಾತೂ ಇರುತ್ತದೆ, ಕೂಗೂ ಇರುತ್ತದೆ. ಜಾಹೀರಾತಿನಲ್ಲಿ ಮೆಲ್ಲಗಿರುವ ಸದ್ದನ್ನೂ ಎತ್ತಿ ಮೇಲಿನ ಮಟ್ಟಕ್ಕೆ ತಂದಿರುತ್ತಾರೆ. ಅದಕ್ಕೇ ಬ್ರೇಕ್ ಬಂದ ತಕ್ಷಣ ಕಿವಿಗೆ ಬಡಿದ ಹಾಗಾಗುತ್ತದೆ. ಅಮೆರಿಕದಲ್ಲಿ ಇದರ ವಿರುದ್ಧ ಮಾಡಿದ ಕಾನೂನು 2012ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅಂದರೆ ಸರಾಸರಿ ಶಬ್ದವನ್ನು ಅಳೆಯಬಹುದು, ತಗ್ಗಿಸಲೂಬಹುದು. ಮನಸ್ಸು ಬೇಕು, ಅಷ್ಟೇ.

ಇನ್ನೊಂದು, ಪುನರಾವರ್ತನೆ. ಒಂದೇ ಬ್ರೇಕಿನಲ್ಲಿ ಒಂದೇ ಜಾಹೀರಾತು ಮೂರು ಸಲ ಬರುತ್ತದೆ. ಅರವತ್ತು ಸೆಕೆಂಡಿನ ಚೆಂದದ ಕತೆಯನ್ನು ಮೊದಲ ವಾರ ತೋರಿಸಿ, ಆಮೇಲೆ ಹತ್ತು ಸೆಕೆಂಡಿಗೆ ಕತ್ತರಿಸುತ್ತಾರೆ. ಕತೆ ಹೋಗಿ ಕೊನೆಯ ಘೋಷಣೆ ಮಾತ್ರ ಉಳಿಯುತ್ತದೆ. ಬರೆದವರು, ನಟಿಸಿದವರು, ಸಂಗೀತ ಕೊಟ್ಟವರು ಪಟ್ಟ ಶ್ರಮವೆಲ್ಲ ಆ ಕತ್ತರಿಗೆ ಹೋಗುತ್ತದೆ. ಏರ್‌ಟೈಮ್ ದುಬಾರಿ ಅನ್ನುವುದು ನನಗೂ ಗೊತ್ತು. ಹಾಗಿದ್ದರೆ ಆರು ತುಂಡು ಹಾಕುವ ದುಡ್ಡಿನಲ್ಲಿ ಒಂದು ಸಲ ಪೂರ್ತಿಯಾಗಿ ಹಾಕಿ. ನಾನಂತೂ ಎದ್ದು ಹೋಗದೆ ನೋಡುತ್ತೇನೆ.