ನಿಮಿಷಕ್ಕೆ 40 ರೂಪಾಯಿ

ಭತ್ತ ಕೊಯ್ಯುವ ಮಷಿನ್ ಗದ್ದೆಗೆ ಇಳಿದ ಕೂಡಲೇ ಎಲ್ಲರೂ ಬೆಳೆ ನೋಡುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ದಾವಣಗೆರೆಯ ಒಂದು ಆಫೀಸಿನಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವನಿಗೆ ಬೇರೆ ಏನು ತಾನೇ ಕಾಣಬೇಕು? ಮಷಿನ್ ಬಾಡಿಗೆ ಗಂಟೆಗೆ 2,400 ರೂಪಾಯಿ. ಅಂದರೆ ನಿಮಿಷಕ್ಕೆ 40. ಡ್ರೈವರ್ ಇಳಿದು ನೀರು ಕುಡಿದರೆ 40. ಫೋನ್ ಎತ್ತಿ ಪಂಜಾಬಿನ ಹೆಂಡತಿ ಜೊತೆ ಕಷ್ಟ ಸುಖ ಮಾತಾಡಿದರೆ 200. ಪಾಪ, ಅವನ ಸಂಸಾರ ಚೆನ್ನಾಗಿರಲಿ, ಆದರೆ ನನ್ನ ಖರ್ಚಿನಲ್ಲಿ ಯಾಕೆ?

ನಮ್ಮದು ಮಲೇಬೆನ್ನೂರಿನ ಹತ್ತಿರ, ಭದ್ರಾ ನಾಲೆಯ ಕೊನೆ ಭಾಗದಲ್ಲಿ ಮೂರು ಎಕರೆ. ನೀರು ಸರಿಯಾಗಿ ಬಂದ ವರ್ಷ ಎರಡು ಬೆಳೆ, ಬಾರದ ವರ್ಷ ಎರಡು ಪ್ರತಿಭಟನೆ. ಗದ್ದೆ ನೋಡಿಕೊಳ್ಳುವುದು ಚಿಕ್ಕಪ್ಪ. ನಾನು ಕಟಾವಿನ ದಿನ ರಜೆ ಹಾಕಿ ಬಂದು, ಬದುವಿನ ಮೇಲೆ ನಿಂತು ಸಲಹೆ ಕೊಡುತ್ತೇನೆ. ಆ ಸಲಹೆಗಳನ್ನು ಯಾರೂ ಕೇಳುವುದಿಲ್ಲ. ಬೆಳೆ ಮನೆಗೆ ಬರುತ್ತಿರುವುದೇ ಅದರಿಂದ.

2025ರ ಮೇ ತಿಂಗಳಲ್ಲಿ ಒಂದು ಸಲ ಕೇಳಿಬಿಟ್ಟರು.

ತಪ್ಪು ಒಂದು ವಿಡಿಯೋದ್ದು. ಕಟಾವಿನ ಹಿಂದಿನ ರಾತ್ರಿ ನಿದ್ದೆ ಬಾರದೆ ಸುಮ್ನೆ ಮೊಬೈಲ್ ನೋಡುತ್ತಿದ್ದೆ. ಯಾವುದೋ ದೇಶದ ಗೋಧಿ ಹೊಲ. ಮನೆಯಷ್ಟು ದೊಡ್ಡ ಮಷಿನ್ ಕೊಯ್ಯುತ್ತಾ ಹೋಗುತ್ತಿದೆ. ಪಕ್ಕದಲ್ಲಿ ಅದೇ ವೇಗಕ್ಕೆ ಟ್ರ್ಯಾಕ್ಟರು, ಹಿಂದೆ ಒಂದು ದೊಡ್ಡ ಗಾಡಿ. ಮಷಿನ್ನಿನ ಪೈಪಿನಿಂದ ಕಾಳು ಧಾರೆಯಾಗಿ ಗಾಡಿಗೆ ಬೀಳುತ್ತಿದೆ. ಎರಡೂ ನಿಲ್ಲುತ್ತಿಲ್ಲ! ಎದ್ದು ಕೂತೆ. ಇನ್ನೂ ಹುಡುಕಿದೆ. 2014ರ ಆಗಸ್ಟ್ 15ರಂದು, ನಾವು ಇಲ್ಲಿ ಬಾವುಟ ಹಾರಿಸಿ ಸಿಹಿ ತಿನ್ನುತ್ತಿದ್ದ ದಿನ, ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ ನ್ಯೂ ಹಾಲೆಂಡ್ ಸಿಆರ್ 10.90 ಅನ್ನುವ ಮಷಿನ್ ಎಂಟು ಗಂಟೆಯಲ್ಲಿ 797 ಟನ್ನಿಗೂ ಜಾಸ್ತಿ ಗೋಧಿ ಕೊಯ್ದು ವಿಶ್ವದಾಖಲೆ ಮಾಡಿತ್ತು. ಅದರ ಟ್ಯಾಂಕ್ 14,500 ಲೀಟರು. ನಮ್ಮ ಮೂರು ಎಕರೆ ಭತ್ತ ಒಂದೇ ಸಲಕ್ಕೆ ಅದರ ಹೊಟ್ಟೆ ಸೇರಿಬಿಡುತ್ತದೆ. ತೂಕದ ಲೆಕ್ಕದಲ್ಲಿ ನಮ್ಮದು ಅದಕ್ಕೆ ನಾಲ್ಕೂವರೆ ನಿಮಿಷದ ಕೆಲಸ. ಅಮ್ಮ ಪೂಜೆಗೆ ಬೆಂಕಿಪೊಟ್ಟಣ ಹುಡುಕುವಷ್ಟರಲ್ಲಿ ಕಟಾವು ಮುಗಿದಿರುತ್ತದೆ.

ನಮ್ಮ ಬಾಡಿಗೆ ಮಷಿನ್ನಿನ ಟ್ಯಾಂಕು ಹನ್ನೆರಡು ಕ್ವಿಂಟಾಲ್ ಆಸುಪಾಸು ಹಿಡಿಯುತ್ತದೆ. ಎಕರೆಗೆ 25 ಕ್ವಿಂಟಾಲ್ ಅಂತ ಹಿಡಿದರೆ ಒಟ್ಟು 75, ಅಂದರೆ ಏಳು ಸಲ ಖಾಲಿ ಮಾಡಬೇಕು. ಪ್ರತಿ ಸಲವೂ ಕೊಯ್ಯುವುದು ಬಿಟ್ಟು, ದಾರಿ ಪಕ್ಕ ನಿಂತ ಟ್ರೇಲರ್ ತನಕ ಬಂದು, ಸುರಿದು, ವಾಪಸ್ ಹೋಗುವುದಕ್ಕೆ ಐದು ನಿಮಿಷ. ಏಳೈದಲ ಮೂವತ್ತೈದು. 1,400 ರೂಪಾಯಿ! ಇಷ್ಟು ವರ್ಷ ಈ ದುಡ್ಡನ್ನು ಬದುವಿನ ಮೇಲೆ ಚೆಲ್ಲಿದ್ದೇವಲ್ಲ ಅಂತ ಹೊಟ್ಟೆ ಉರಿಯಿತು.

ಬೆಳಗ್ಗೆ ಚಿಕ್ಕಪ್ಪನಿಗೆ ಹೇಳಿದೆ. "ಅಲ್ಲಲೇ, ಮಷಿನ್ನೇನು ಬಸ್ಸಾ, ಓಡ್ತಿರುವಾಗ್ಲೇ ಇಳಿಯಾಕೆ?" ಅಂದರು. ಆದರೆ 1,400 ಅಂದ ಕೂಡಲೇ ಸ್ವಲ್ಪ ಹೊತ್ತು ಮೀಸೆ ತೀಡಿದರು. ಮೀಸೆ ತೀಡಿದರೆ ಒಪ್ಪಿದ ಹಾಗೆ.

ಡ್ರೈವರಿಗೆ ನನ್ನ ಹಿಂದಿಯಲ್ಲಿ ವಿವರಿಸಿದೆ. "ತುಮ್ ಚಲೋ, ಟ್ರ್ಯಾಕ್ಟರ್ ಭೀ ಚಲೋ, ಪೈಪ್ ಭೀ ಚಲೋ." ಅವನು ನಮ್ಮ ಗದ್ದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಗದ್ದೆ ನೋಡಿದ. "ಛೋಟಾ ಹೈ" ಅಂದ. ನಾನು ಅದನ್ನು ಟ್ರೇಲರಿನ ಬಗ್ಗೆ ಅಂತ ತಿಳಿದುಕೊಂಡೆ.

ಅಮ್ಮ ಮಷಿನ್ನಿಗೆ ಕುಂಕುಮ ಹಚ್ಚಿ, ಟೈರಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದಳು. ಮಡಿಯ ಮೂಲೆಗಳನ್ನು ಆಳುಗಳು ಆಗಲೇ ಕುಡುಗೋಲಿನಲ್ಲಿ ಕೊಯ್ದು ಮಷಿನ್ ತಿರುಗಲು ಜಾಗ ಮಾಡಿದ್ದರು. ಮಷಿನ್ ಅಂಚಿನಿಂದ ಸುತ್ತು ಹಾಕಲು ಶುರು ಮಾಡಿತು. ನಾಲ್ಕು ಮಾರು ಹೋಗಿತ್ತೋ ಇಲ್ಲವೋ, ಅಮ್ಮ ಕೂಗಿಕೊಂಡಳು. "ಅಯ್ಯೋ, ಪೂಜೆ ಮಾಡಿದ ಗದ್ದೆಗೆ ಅಪ್ರದಕ್ಷಿಣೆ ಹಾಕ್ತಿದಾನಲ್ಲೋ, ನಿಲ್ಸೋ ಅವನ್ನ!"

ಎಂದೂ ಇಲ್ಲದ್ದು, ಅಮ್ಮನ ಶಾಸ್ತ್ರಕ್ಕೂ ನನ್ನ ವಿಜ್ಞಾನಕ್ಕೂ ಅವತ್ತು ತಾಳೆ ಬಿತ್ತು. ಈ ಮಷಿನ್ನಿನ ಪೈಪು ಎಡಕ್ಕಿತ್ತು. ಅಪ್ರದಕ್ಷಿಣೆ ಹೋದರೆ ಎಡಕ್ಕೆ ನಿಂತ ಬೆಳೆ ಇರುತ್ತದೆ, ಟ್ರ್ಯಾಕ್ಟರ್ ಅದನ್ನು ತುಳಿದುಕೊಂಡೇ ಬರಬೇಕು. ಪ್ರದಕ್ಷಿಣೆ ಹೋದರೆ ಬೆಳೆ ಬಲಕ್ಕೆ, ಕೊಯ್ದ ಜಾಗ ಎಡಕ್ಕೆ. ಓಡಿ ಹೋಗಿ ಹೇಳಿದೆ. "ಉಲ್ಟಾ ಗೋಲ್ ನಹೀ ಜೀ, ಭಗವಾನ್ ಕಾ ಗೋಲ್!" ಅವನಿಗೆ ಅರ್ಥವಾಯಿತು. ಪುಣ್ಯಾತ್ಮ ಗುರುದ್ವಾರದಲ್ಲೂ ಹಾಗೇ ಸುತ್ತುತ್ತಾನಂತೆ.

ನಾಲ್ಕು ಸುತ್ತು ಮುಗಿದಾಗ ಟ್ಯಾಂಕ್ ತುಂಬಿತು. ಚಿಕ್ಕಪ್ಪನ ಮಗ ಟ್ರ್ಯಾಕ್ಟರ್ ತಂದು ಜೊತೆಗೆ ಹಾಕಿದ. ಟ್ರೇಲರಿನೊಳಗೆ ತಾಡಪತ್ರಿ, ತಾಡಪತ್ರಿಯ ಮೇಲೆ ನಾನು, ಕೈಯಲ್ಲಿ ಸಲಿಕೆ, ಹೆಗಲ ಮೇಲೆ ಟವೆಲ್. ಅಲ್ಲಿ ನಿಲ್ಲಬಾರದು ಅಂತ ಯಾವ ದಡ್ಡನಿಗೂ ಗೊತ್ತು. ಆದರೆ ಸನ್ನೆ ಮಾಡಲು ಒಬ್ಬ ಬೇಕಲ್ಲ? ಟವೆಲ್ ಪಕ್ಕಕ್ಕೆ ಬೀಸಿದರೆ ಪೈಪ್ ನಿಲ್ಲಿಸಬೇಕು, ತಲೆ ಮೇಲೆ ಎತ್ತಿದರೆ ಸುರಿಯುತ್ತಾ ಮುಂದೆ ಹೋಗಬೇಕು. ಇಬ್ಬರಿಗೂ ಮೂರು ಸಲ ಹೇಳಿಕೊಟ್ಟಿದ್ದೆ.

ಪೈಪ್ ತೆರೆಯಿತು. ಅಬ್ಬಾ, ಆ ಮೊದಲ ಅರ್ಧ ನಿಮಿಷ! ಹಳದಿ ಧಾರೆ, ಸರ್ರನೆ ಸದ್ದು. ಕಾಳು ಬಿಸಿಲಿಗೆ ಬಿಸಿಬಿಸಿ, ಹೊಸ ಭತ್ತದ ಘಾಟು. ಬದುವಿನ ಮೇಲೆ ಹದಿನೈದು ಜನ ಸೇರಿದ್ದರು. ಚಿಕ್ಕಪ್ಪ ಎದೆ ಮುಂದೆ ಮಾಡಿ ನಿಂತಿದ್ದರು. ನಾನು ಲಿಂಕನ್‌ಶೈರಿನಲ್ಲಿದ್ದೆ.

ಒಂದು ಲೆಕ್ಕ ಮಾತ್ರ ನಾನು ಹಾಕಿರಲಿಲ್ಲ. ಟ್ಯಾಂಕ್ ಖಾಲಿಯಾಗಲು ಎರಡು ನಿಮಿಷ ಬೇಕು. ಮಷಿನ್ ಗಂಟೆಗೆ ಮೂರು ಕಿಲೋಮೀಟರ್ ಹೋದರೂ ನಿಮಿಷಕ್ಕೆ 50 ಮೀಟರ್, ಎರಡು ನಿಮಿಷಕ್ಕೆ 100. ನಮ್ಮ ಅತಿ ಉದ್ದದ ಮಡಿ 70 ಮೀಟರ್. ತಾತ ತೀರಿಕೊಂಡಾಗ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಬದು ಹಾಕಿದ್ದರು. ಆ ಬದು ಈಗ ಎದುರಿಗೇ ಬಂತು. "ಛೋಟಾ ಹೈ" ಅಂದರೆ ಏನು ಅಂತ ಆಗ ಹೊಳೆಯಿತು.

ಡ್ರೈವರ್ ರೂಢಿಯಂತೆ ಮುಂಭಾಗ ಎತ್ತಿ ಬಲಕ್ಕೆ ತಿರುಗಿಸಿದ. ಮಷಿನ್ ಬಲಕ್ಕೆ ತಿರುಗಿದರೆ ಎಡಕ್ಕಿರುವ ಪೈಪು ಎಲ್ಲಿಗೆ ಹೋಗುತ್ತದೆ? ಮುಂದಕ್ಕೆ! ಮೊದಲು ಟ್ರೇಲರಿನ ಹಿಂಭಾಗದಿಂದ ನನ್ನ ತಲೆಗೆ ಬಂತು. ಕಾಲರಿನೊಳಗೆ, ಬೆನ್ನಿಗೆ, ಜೇಬಿಗೆ, ಕಿವಿಗೆ. ಧೂಳು ಸುಂಕು ಕಣ್ಣಿಗೆ ಹೋಗದಿರಲಿ ಅಂತ ಟವೆಲ್ ಎತ್ತಿ ತಲೆ ಮುಚ್ಚಿಕೊಂಡೆ.

ಟವೆಲ್ ಎತ್ತಿದರೆ ಏನು ಅರ್ಥ?

ಡ್ರೈವರ್ ಕನ್ನಡಿಯಲ್ಲಿ ನೋಡಿ, ಹೆಬ್ಬೆರಳು ತೋರಿಸಿ, ಸುರಿಯುತ್ತಲೇ ಹೋದ. ಪೈಪು ಅಲ್ಲಿಂದ ತಮ್ಮನ ನೆತ್ತಿಗೆ, ಅವನ ನೆತ್ತಿಯಿಂದ ಬಾನೆಟ್ಟಿಗೆ. ಕಾಳು ಸೈಲೆನ್ಸರಿನ ಬಾಯಿಗೆ ಬಿದ್ದು, ಹೊಗೆ ಜೊತೆ ಚಿಟಪಟ ಅಂತ ವಾಪಸ್ ಚಿಮ್ಮಿತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೇನು ಬರವಿಲ್ಲ, ನಮ್ಮದೂ ಒಂದು ಸೇರಿತು. ಕೊನೆಗೆ ಪೈಪು ಬದು ದಾಟಿ ಪಕ್ಕದ ಗೌಡರ ಗದ್ದೆಗೂ ಧಾರಾಳವಾಗಿ ಸುರಿದ ಮೇಲೆ, ಅಮ್ಮನ ಕೂಗಿಗೆ ಮಷಿನ್ ನಿಂತಿತು. ಎಲ್ಲಾ ಸೇರಿ ಇಪ್ಪತ್ತು ಸೆಕೆಂಡ್. ಸೆಕೆಂಡಿಗೆ ಹತ್ತು ಕೆಜಿಯಂತೆ ಎರಡು ಕ್ವಿಂಟಾಲ್. ಸಾಮಾನ್ಯ ಭತ್ತಕ್ಕೆ ಆ ವರ್ಷದ ಬೆಂಬಲ ಬೆಲೆ 2,300. ಗುಣಿಸುವುದು ಬೇಡ ಅಂದುಕೊಂಡರೂ ತಲೆ ತಾನಾಗಿ ಗುಣಿಸಿತು.

ಆಮೇಲೆ ಪೊರಕೆ, ಮೊರ, ಜರಡಿ. ಬಳಿದಷ್ಟೂ ಭತ್ತಕ್ಕಿಂತ ಮಣ್ಣೇ ಜಾಸ್ತಿ. ಡ್ರೈವರ್ ಸೀಟಿನಿಂದ ಇಳಿದು, ಸೊಂಟ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು ನಮ್ಮ ಜೊತೆ ಗುಡಿಸಲು ಬಂದ. ಅವನು ನಕ್ಕ ಹೊತ್ತಿಗೂ ಬಾಡಿಗೆ ಹಿಡಿದನಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಉಳಿದ ಆರು ಸಲವೂ ಅವನು ದಾರಿ ಪಕ್ಕಕ್ಕೆ ಬಂದು ನಿಲ್ಲಿಸಿಯೇ ಸುರಿದ. ನಾನು ಬೋರ್‌ವೆಲ್ ಹತ್ತಿರ ಬನಿಯನ್ ಬಿಚ್ಚಿ ಮೈ ಕೆರೆದುಕೊಳ್ಳುತ್ತಿದ್ದೆ. ಎರಡು ದಿನ ಆಫೀಸಿನಲ್ಲೂ ಕೆರೆದೆ. ಸ್ನಾನ ಮಾಡುವಾಗಲೆಲ್ಲ ಬಚ್ಚಲಲ್ಲಿ ನಾಲ್ಕು ಕಾಳು ಸಿಗುತ್ತಿದ್ದವು. ಹೆಂಡತಿ ಅವನ್ನೂ ಎತ್ತಿಟ್ಟು, "ಇದನ್ನೂ ಲೆಕ್ಕಕ್ಕೆ ಹಿಡ್ಕೊಳ್ರಿ" ಅಂದಳು.

ಜೂನ್ ಕೊನೆಗೆ ಊರಿಗೆ ಹೋದಾಗ ಮಳೆ ಬಿದ್ದಿತ್ತು. ನಮ್ಮ ಬದುವಿನ ಮೇಲಿಂದ ಗೌಡರ ಗದ್ದೆಯ ತನಕ ಒಂದು ಹಸಿರು ಗೆರೆ, ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಗುಡಿಸಿದರೂ ಸಿಗದೆ ಉಳಿದಿದ್ದ ಭತ್ತ ಮೊಳೆತಿದೆ. ಪೈಪು ಎಲ್ಲಿಂದ ಎಲ್ಲಿಗೆ ತಿರುಗಿತು ಅಂತ ನಕ್ಷೆ ಬರೆದ ಹಾಗೆ. ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲೂ ಐದಾರು ಸಸಿ ಇದ್ದವು, ತಮ್ಮ ಕಿತ್ತಿರಲಿಲ್ಲ.

ಗೌಡರು ಬದುವಿನ ಆಚೆ ನಿಂತು ಅದನ್ನೇ ನೋಡುತ್ತಿದ್ದರು. "ಏನ್ ಸಾಹೇಬ್ರೆ, ಬಿತ್ತನೆ ಚೆನ್ನಾಗಾಗೈತೆ. ಬೀಜದ ದುಡ್ಡು ಎಷ್ಟು ಕೊಡ್ಲಿ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಅಂದರು. "ನಿಮಿಷಕ್ಕೆ ನಲವತ್ತು ಗೌಡ್ರೆ."