ಕಲ್ಚರ್ ಕಳಿಸಿದ್ರಾ?

ಇವತ್ತು ತೀರ್ಥಹಳ್ಳಿ ಕಡೆ ನಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೇನೆ, ಅದೂ ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ. ಎಷ್ಟು ಸಿಟ್ಟು ಬಂದಿರಬೇಕು, ನೀವೇ ಲೆಕ್ಕ ಹಾಕಿ.

ಎಲ್ಲರಿಗೂ ಒಂದೇ ಪಂಕ್ತಿ, ನಮ್ಮ ಅತ್ತಿಗೆಗೆ ಮಾತ್ರ ಜಗಲಿಯ ತುದಿಯಲ್ಲಿ ಬೇರೆ ಎಲೆ. ಎಲ್ಲರಿಗೂ ಸ್ಟೀಲ್ ಲೋಟ, ಅವರಿಗೆ ಪೇಪರ್ ಲೋಟ. ಯಾಕೆ ಅಂತ ಕೇಳಿದರೆ ಮನೆಯಾಕೆ ನನ್ನ ಕಿವಿಯಲ್ಲಿ, "ಟಿಬಿ ಅಲ್ವಾ ಮಾರಾಯ್ತಿ, ಮಕ್ಕಳು ಮರಿ ಓಡಾಡೋ ಮನೆ" ಅಂದರು. ಎಂತ ಹೇಳುವುದು? ಉಂಡ ಮೇಲೆ ಎಲ್ಲರ ಎಲೆಯೂ ಹೋಗುವುದು ಅದೇ ಗೊಬ್ಬರದ ಗುಂಡಿಗೆ!

ಮೊದಲನೆಯದಾಗಿ, ಟಿಬಿಯೇ ಆಗಿದ್ದರೂ ಅದು ಎಲೆ ಲೋಟದಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ಎರಡನೆಯದಾಗಿ, ಅತ್ತಿಗೆಗೆ ಇರುವುದು ಟಿಬಿಯೇ ಅಲ್ಲ. ಅವರಿಗಿರುವುದು ಎನ್‌ಟಿಎಂ. ಅಂದರೆ ಟಿಬಿಯ ಕುಲಕ್ಕೇ ಸೇರಿದ, ಆದರೆ ಟಿಬಿ ಉಂಟುಮಾಡದ ಮೈಕೋಬ್ಯಾಕ್ಟೀರಿಯಾ ಅನ್ನುವ ಕ್ರಿಮಿಗಳು. ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಪಕ್ಕದಲ್ಲಿ ಕೂತು ಕೆಮ್ಮಿದರೂ ಅಂಟುವುದಿಲ್ಲ. ಕೇಳುವವರು ಯಾರು?

ಅತ್ತಿಗೆಗೂ ನನಗೂ ಅಷ್ಟಕ್ಕಷ್ಟೇ. ಪಾಲಿನ ಕಾಲದಲ್ಲಿ ಅವರು ಆಡಿದ ಮಾತನ್ನು ನಾನಿನ್ನೂ ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ. ಹಾಗಾಗಿ ಇದು ಪ್ರೀತಿಗೆ ಬಂದ ಸಿಟ್ಟಲ್ಲ. ಲ್ಯಾಬಿನಲ್ಲಿ ಕಫದ ಸ್ಲೈಡ್ ನೋಡಿ ನೋಡಿ ಕಣ್ಣು ಸವೆಸಿಕೊಂಡು ರಿಟೈರ್ ಆದವಳ ಸಿಟ್ಟು.

ಸ್ಲೈಡಿನ ಕಥೆ ಹೇಳಿಬಿಡುತ್ತೇನೆ. ಕಫ ಬಳಿದು, ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆ್ಯಸಿಡ್ಡಿನಲ್ಲಿ ತೊಳೆಯುತ್ತೇವೆ. ಉಳಿದ ಕ್ರಿಮಿಗಳೆಲ್ಲ ಬಣ್ಣ ಬಿಡುತ್ತವೆ, ಈ ಕುಲದವು ಬಿಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ನಾವು "ಎಎಫ್‌ಬಿ ಪಾಸಿಟಿವ್", ಅಂದರೆ ಆ್ಯಸಿಡ್ಡಿಗೂ ಬಣ್ಣ ಬಿಡದ ಕಡ್ಡಿ ಇದೆ ಅಂತ ಬರೆಯುತ್ತೇವೆ. ಟಿಬಿ ಅಂತ ಬರೆಯುವುದಿಲ್ಲ, ಗಮನಿಸಿ. ಯಾಕೆಂದರೆ ಆ ಕೆಂಪು ಕಡ್ಡಿ ಟಿಬಿಯದೂ ಇರಬಹುದು, ಎನ್‌ಟಿಎಂ ಕೂಡ ಇರಬಹುದು. ಒಂದೇ ಯೂನಿಫಾರಂ ಹಾಕಿದ ಮಕ್ಕಳನ್ನು ಬೆನ್ನ ಕಡೆಯಿಂದ ನೋಡಿ ಹೆಸರು ಹೇಳಿ ಅಂದ ಹಾಗೆ. ಎನ್‌ಟಿಎಂನಲ್ಲೇ ನೂರೈವತ್ತಕ್ಕೂ ಜಾಸ್ತಿ ಜಾತಿಗಳಿವೆ. ಮೈಕ್ರೋಸ್ಕೋಪಿನಲ್ಲಿ ಹೆಸರು ಹೇಳಲು ಆಗುವುದಿಲ್ಲ. ಅದಕ್ಕೇ ಬೇರೆ ಟೆಸ್ಟ್‌ಗಳಿರುವುದು.

ಅತ್ತಿಗೆಯ ವಿಷಯದಲ್ಲಿ ಆದದ್ದೇನು? ವರ್ಷಗಟ್ಟಲೆ ಕೆಮ್ಮು, ಕಫ, ಮೈ ಇಳಿದು ಇಳಿದು ಗಾಳಿಗೆ ಹಾರುವಂತಾಗಿತ್ತು. ಒಂದು ಆಸ್ಪತ್ರೆಯಲ್ಲಿ ಕಫ ನೋಡಿದರು, ಕೆಂಪು ಕಡ್ಡಿ ಕಂಡಿತು, ಟಿಬಿ ಮಾತ್ರೆ ಶುರು. ಕಫದಲ್ಲಿ ಟಿಬಿ ಕ್ರಿಮಿಯ ಜೀನನ್ನೇ ಹುಡುಕುವ ಸಿಬಿನ್ಯಾಟ್ ಟೆಸ್ಟಿನ ರಿಪೋರ್ಟಿನಲ್ಲಿ ಟಿಬಿ ಕ್ರಿಮಿ ಪತ್ತೆಯಾಗಿಲ್ಲ ಅಂತ ಸ್ಪಷ್ಟವಾಗಿ ಇತ್ತು. ಆ ಹಾಳೆ ಫೈಲಿನಲ್ಲಿ ಸುಮ್ನೆ ಕೂತಿತ್ತು. ಸ್ಲೈಡ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್ ಅಂದರೆ ಎನ್‌ಟಿಎಂ ಇರಬಹುದಾ ಅಂತ ಮೊದಲು ಅನುಮಾನ ಬರಬೇಕು. ಬರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದರು. ಶುರುವಿನಲ್ಲಿ ಸ್ವಲ್ಪ ಹಗುರ ಅನ್ನಿಸಿತಂತೆ. ಅನ್ನಿಸಬಹುದು, ಟಿಬಿ ಮಾತ್ರೆಗಳಲ್ಲಿ ಒಂದೆರಡು ಕೆಲವು ಎನ್‌ಟಿಎಂಗೂ ಬಳಸುವಂಥವೇ. ಅದೇ ಇನ್ನೂ ದಾರಿ ತಪ್ಪಿಸಿತು. ಕೊನೆಗೆ ಕಫದಲ್ಲಿ ಮತ್ತೆ ಕೆಂಪು ಕಡ್ಡಿ. "ಟಿಬಿ ಮರುಕಳಿಸಿದೆ, ಮತ್ತೆ ಮೊದಲಿಂದ ಶುರು" ಅಂದರಂತೆ.

ಆಗ ಅಣ್ಣ ನನಗೆ ಫೋನ್ ಮಾಡಿದ್ದು. ನಾನು ಕೇಳಿದ್ದು ಒಂದೇ ಮಾತು. ಕಲ್ಚರ್ ಕಳಿಸಿದ್ರಾ?

ಇಲ್ಲ.

ಕಲ್ಚರ್ ಅಂದರೆ ಕಫದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಯಾವುದು ಅಂತ ಗುರುತಿಸುವುದು. ತಾಳ್ಮೆ ಬೇಕು. ದ್ರವದ ಕಲ್ಚರ್ ಆದರೆ 42 ದಿನದವರೆಗೂ ಕಾಯುತ್ತಾರೆ. ಅದೂ ಒಮ್ಮೆ ಬಂದರೆ ಸಾಲದು. ಈ ಕ್ರಿಮಿಗಳು ನಲ್ಲಿ ನೀರಿನಲ್ಲೂ ಇರುತ್ತವೆ, ಬಾಯಿ ಮುಕ್ಕಳಿಸಿದ ನೀರಿನಿಂದ ಕಫಕ್ಕೆ ಸೇರಿರಬಹುದು. ಅದಕ್ಕೇ ಬೇರೆ ಬೇರೆ ಸಲ ಕೊಟ್ಟ ಕಫದಲ್ಲಿ ಎರಡು ಬಾರಿಯಾದರೂ ಅದೇ ಕ್ರಿಮಿ ಬೆಳೆಯಬೇಕು. ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೆ ಆದ ಹಾನಿ ಕಾಣಬೇಕು, ರೋಗಿಗೆ ತೊಂದರೆಯೂ ಇರಬೇಕು. ಮೂರೂ ಸೇರಿದರೆ ಮಾತ್ರ ಎನ್‌ಟಿಎಂ ಕಾಯಿಲೆ ಅನ್ನುವುದು. ಅತ್ತಿಗೆಗೆ ಮೂರೂ ಸೇರಿದವು. ಏವಿಯಂ ಅನ್ನುವ ಗುಂಪಿನದು. ಕಫ ಕೊಡಲು ಅವರು ಪಟ್ಟ ಪಾಡು, ನನಗೆ ಬೈದ ಬೈಗುಳ ಇಲ್ಲಿ ಬೇಡ.

ಮಲೆನಾಡಿನವರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. ನನಗೆ ಉರಿಯುವುದು ಅದೇ. ಜ್ವರ ಬಂದರೆ ನಾವು ಎಷ್ಟು ಬುದ್ಧಿವಂತರು ನೋಡಿ. ಡೆಂಗಿಯಾ, ಇಲಿ ಜ್ವರವಾ, ಮಂಗನ ಕಾಯಿಲೆಯಾ ಅಂತ ತೋಟದ ಕೆಲಸದವರಿಂದ ಮೇಷ್ಟ್ರವರೆಗೆ ಎಲ್ಲರೂ ಕೇಳುತ್ತಾರೆ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಹೊಸ ವೈರಸ್ಸೇ ಪತ್ತೆಯಾಯಿತು, ಆ ಕಾಡಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇದೆ. ಜ್ವರಕ್ಕೆ ಯಾವ ಕ್ರಿಮಿ ಅಂತ ಕೇಳುವ ಊರು ಕೆಮ್ಮಿಗೆ ಯಾಕೆ ಕೇಳುವುದಿಲ್ಲ? ಕೆಮ್ಮಿದರೆ ಒಂದೋ ಕಷಾಯ, ಇಲ್ಲ ಟಿಬಿ.

ನಡುವೆ ಇನ್ನೊಂದಿದೆ, ಮೆಡಿಕಲ್ ಶಾಪಿನ ಅಜಿತ್ರೋ. ಕೆಮ್ಮು ಅಂದ ತಕ್ಷಣ ಚೀಟಿ ಇಲ್ಲದೆ ಒಂದು ಸ್ಟ್ರಿಪ್. ಅಜಿತ್ರೋಮೈಸಿನ್ ಈ ಏವಿಯಂ ಕ್ರಿಮಿಗೆ ಮುಖ್ಯವಾದ ಔಷಧ. ಎಥಾಂಬುಟಾಲ್, ರಿಫಾಂಪಿಸಿನ್ ಜೊತೆಗೆ ಕೊಡುತ್ತಾರೆ. ಒಂದನ್ನೇ ಕೊಡುತ್ತಾ ಹೋದರೆ ಕ್ರಿಮಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಇದ್ದ ಒಳ್ಳೆಯ ಮದ್ದೂ ಕೈಬಿಟ್ಟ ಹಾಗೆ.

ಒಬ್ಬ ಪರಿಚಯದ ಡಾಕ್ಟರ್ ನನಗೆ ಬುದ್ಧಿ ಹೇಳಿದರು. "ಮೇಡಂ, ಪ್ರಪಂಚದ ಟಿಬಿಯಲ್ಲಿ ಕಾಲು ಭಾಗ ನಮ್ಮ ದೇಶದ್ದು. ಕೆಂಪು ಕಡ್ಡಿ ಕಂಡರೆ ಟಿಬಿ ಅಂತ ಶುರು ಮಾಡದೆ ಕಾಯುತ್ತಾ ಕೂತರೆ ಜನ ಸಾಯುತ್ತಾರೆ." ಸರಿ ಸ್ವಾಮಿ, ಒಪ್ಪಿದೆ. ಶುರು ಮಾಡಿ, ಯಾರು ಬೇಡ ಅಂದರು? ಆದರೆ ಸಿಬಿನ್ಯಾಟ್ ಮೆಷಿನ್ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಅದು ಇಲ್ಲ ಅಂದ ಮೇಲೂ, ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಗದ ಮೇಲೂ, ಯಾವ ಕ್ರಿಮಿ ಅಂತ ನೋಡದೆ ಎರಡನೇ ಸುತ್ತು ಶುರು ಮಾಡುವುದಕ್ಕೆ ದೇಶದ ಲೆಕ್ಕ ಯಾಕೆ ಅಡ್ಡ ತರುತ್ತೀರಿ?

ಇನ್ನು "ಎಲ್ಲಿಂದ ಬಂತು" ಅನ್ನುವವರಿಗೆ. ಮಣ್ಣು, ನೀರು, ಪೈಪಿನ ಒಳಗಿನ ಲೋಳೆ, ಶವರ್, ಎಲ್ಲ ಕಡೆ ಇವೆ. ಕ್ಲೋರಿನ್ನಿಗೂ ಸುಲಭಕ್ಕೆ ಸಾಯುವುದಿಲ್ಲ. ತಮಿಳುನಾಡಿನ ಚೆಂಗಲ್‌ಪಟ್ಟಿನಲ್ಲಿ 1968ರಲ್ಲಿ ಬಿಸಿಜಿ ಲಸಿಕೆಯ ದೊಡ್ಡ ಪರೀಕ್ಷೆ ಶುರುವಾಗಿತ್ತು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಲಸಿಕೆ ತಡೆಯಲಿಲ್ಲ ಅಂತ ಗೊತ್ತಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅಲ್ಲಿನ ಜನರ ಮೈಗೆ ಮಣ್ಣು ನೀರಿನ ಈ ಕ್ರಿಮಿಗಳ ಪರಿಚಯ ಮೊದಲೇ ಆಗಿತ್ತು ಅನ್ನುವುದು. ಅಷ್ಟು ಹಳೆಯ ನೆರೆಹೊರೆ ಇವು. ಗಟ್ಟಿ ಶ್ವಾಸಕೋಶ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಳೆಯ ಟಿಬಿಯ ಗಾಯ ಇದ್ದವರು, ಶ್ವಾಸನಾಳ ಹಿಗ್ಗಿದವರು, ವಯಸ್ಸಾದ ತೆಳ್ಳಗಿನ ಹೆಂಗಸರು, ಇಂಥವರಲ್ಲಿ ಜಾಸ್ತಿ. "ಹಾಗಾದ್ರೆ ಸ್ನಾನ ಬಿಡೋದಾ?" ಅಂತ ಒಬ್ಬರು ಕೇಳಿದರು. ಬಿಡಿ, ನಮಗೇನು.

ದುಡ್ಡಿನ ಮಾತೂ ಇದೆ. ಟಿಬಿ ಆದರೆ ಮಾತ್ರೆ ಉಚಿತ. ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯದೇ. ಎನ್‌ಟಿಎಂ ಅಂದರೆ ಆ ಹಣ ಇಲ್ಲ. ಕಫ ನೆಗೆಟಿವ್ ಆದ ಮೇಲೂ ಇನ್ನೊಂದು ವರ್ಷ ಮಾತ್ರೆ ನುಂಗಬೇಕು, ಅತ್ತಿಗೆಗೆ ಅದೆಲ್ಲ ಕೈಯಿಂದಲೇ. ಟಿಬಿಯ ಸವಲತ್ತು ಒಂದೂ ಸಿಗಲಿಲ್ಲ, ಪೇಪರ್ ಲೋಟ ಮಾತ್ರ ಸಿಕ್ಕಿತು.

ಮುಂದಿನ ವಾರ ಅವರ ಕಣ್ಣು ತೋರಿಸಬೇಕು. ಎಥಾಂಬುಟಾಲ್ ಕೆಲವರಿಗೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ, ಕೆಂಪು ಹಸಿರು ಗುರುತು ಹಿಡಿಯಲು ಕಷ್ಟವಾಗುತ್ತದೆ, ಅದಕ್ಕೆ ಆಗಾಗ ನೋಡಬೇಕು. ಅಣ್ಣನಿಗೆ ಅಡಿಕೆ ಕೊಯ್ಯುವ ಕೊನೆಗಾರ ಸಿಕ್ಕಿದ್ದಾನಂತೆ, ಈಗ ಬಿಟ್ಟರೆ ಅಡಿಕೆ ಮರದಲ್ಲೇ ಅಂತೆ. ಕರೆದುಕೊಂಡು ಹೋಗುವವಳು ನಾನೇ. ಶಿವಮೊಗ್ಗದಲ್ಲಿ ಅವತ್ತು ಮಧ್ಯಾಹ್ನ ಪುರುಸೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ಡ್ರಾಪ್ಸ್ ಹಾಕಿದ ಮೇಲೆ ಅವರಿಗೆ ದಾರಿ ಕಾಣುವುದಿಲ್ಲ, ಅವರ ಮಾತು ಕೇಳುವ ತಾಳ್ಮೆ ನನಗೆ ಇರುವುದಿಲ್ಲ.