ಭರಣಿಗೆ ಕಟ್ಟಿದ ಚೀಟಿ

ನಮ್ಮ ದೊಡ್ಡಮ್ಮನ ಮನೆ ಹೊಸನಗರದ ಕಡೆ. ಅಟ್ಟದ ಮೇಲೆ ಸಾಲಾಗಿ ಉಪ್ಪಿನಕಾಯಿ ಭರಣಿಗಳು. ಪ್ರತಿಯೊಂದರ ಬಾಯಿಗೂ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಾಳೆನಾರಿನ ಕಟ್ಟು, ಆ ಕಟ್ಟಿಗೆ ಒಂದು ಚೀಟಿ. ಹಳೇ ಲಗ್ನಪತ್ರಿಕೆ ಹರಿದು ಮಾಡಿದ್ದು. 'ಜೀರಿಗೆ ಮಿಡಿ, ಹೊಳೆಬದಿ ಮರ, ಉಪ್ಪು ಜಾಸ್ತಿ' ಅಂತ ಒಂದರ ಮೇಲೆ. 'ಅನಂತಭಟ್ಟನ ಅಪ್ಪೆ, ನೆಂಟರು ಬಂದರೆ ಮಾತ್ರ' ಅಂತ ಇನ್ನೊಂದರ ಮೇಲೆ. ಊಟಕ್ಕೆ ಕೂತವರಿಗೆ ಈ ಚೀಟಿ ಕಾಣುವುದಿಲ್ಲ. ಅವರಿಗೆ ಎಲೆಯ ತುದಿಗೆ ಮಿಡಿ ಬಿದ್ದರೆ ಸಾಕು. ಚೀಟಿ ಇರುವುದು ಅಟ್ಟ ಹತ್ತುವವರಿಗೆ.

ವೆಬ್ ಪುಟದ ಡೇಟಾ ಆಟ್ರಿಬ್ಯೂಟ್ ಅಂದರೆ ಇಷ್ಟೇ. ಪುಟದಲ್ಲಿ ಒಂದು ಬಟನ್ನೋ ಚಿತ್ರವೋ ಇರುತ್ತದೆ. ಅದನ್ನು ಪುಟಕ್ಕೆ ತರುವ ಕೋಡಿನ ತುಣುಕಿಗೆ ಟ್ಯಾಗ್ ಅನ್ನುತ್ತಾರೆ. ಆ ಟ್ಯಾಗ್ ಒಳಗೆ 'ಡೇಟಾ' ಅಂತ ಬರೆದು, ಅಡ್ಡಗೆರೆ ಎಳೆದು, ನಮಗೆ ಬೇಕಾದ ಹೆಸರಿನಲ್ಲಿ ಒಂದು ಚೀಟಿ ಅಂಟಿಸಬಹುದು. ನೋಡುವವರಿಗೆ ಕಾಣುವುದಿಲ್ಲ, ಪುಟದ ಹಿಂದೆ ಕೆಲಸ ಮಾಡುವ ಪ್ರೋಗ್ರಾಮು, ಅಂದರೆ ಸ್ಕ್ರಿಪ್ಟ್, ಹೋಗಿ 'ಡೇಟಾಸೆಟ್' ಅಂತ ಕೇಳಿದರೆ ಓದಲು ಸಿಗುತ್ತದೆ. ಇದು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಐದನೇ ಆವೃತ್ತಿ, ಎಚ್‌ಟಿಎಂಎಲ್ 5ರ ಜೊತೆ ಬಂದದ್ದು. ಆ ಆವೃತ್ತಿಯ ಮಾನದಂಡ ಅಂತಿಮವಾದದ್ದು 2014ರ ಅಕ್ಟೋಬರಿನಲ್ಲಿ. ದೊಡ್ಡಮ್ಮನ ಚೀಟಿ ಅದಕ್ಕಿಂತ ಹಳೆಯದು.

ಕಳೆದ ಮಳೆಗಾಲದಲ್ಲಿ ಮನೆಯಿಂದಲೇ ಕೆಲಸ ಅಂತ ಹೇಳಿ ದೊಡ್ಡಮ್ಮನ ಮನೆ ಸೇರಿಕೊಂಡಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಜಗಲಿಯ ಒಂದು ಮೂಲೆಯಲ್ಲಿ, ಅದೂ ಅಡಿಕೆ ಚೀಲದ ಮೇಲೆ ಹತ್ತಿ ಕೂತರೆ. ಮೂರು ಹೊತ್ತು ಕಡುಬು, ಪತ್ರೊಡೆ ತಿಂದ ಋಣಕ್ಕೆ ಏನಾದರೂ ಮಾಡಬೇಕಲ್ವಾ? "ನಿನ್ನ ಉಪ್ಪಿನಕಾಯಿಗೆ ಒಂದು ವೆಬ್ ಪುಟ ಮಾಡಿಕೊಡ್ತೀನಿ" ಅಂದೆ. ಹಾಗೆ ಅನ್ನಬಾರದಿತ್ತು.

ಒಂದು ಭರಣಿಗೆ 350 ರೂಪಾಯಿ, ಪಾರ್ಸೆಲ್ಲಿಗೆ 80. ಪ್ರತಿ ಭರಣಿಯ ಬಟನ್ನಿಗೂ ರೇಟಿನ ಚೀಟಿ ಅಂಟಿಸಿದೆ. ಹೆಸರು 'ಜಾರ್‌ರೇಟ್', ನಡುವಿನ ಆರ್ ಮಾತ್ರ ಕ್ಯಾಪಿಟಲ್. ಸ್ಕ್ರಿಪ್ಟಿನಲ್ಲೂ ಹಾಗೇ ಕೇಳಿದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತಿದ್ದಳು. ಬಟನ್ ಒತ್ತಿದೆ.

"ಎನ್ನು, ಏ, ಎನ್ನು" ಅಂತ ಅಕ್ಷರ ಕೂಡಿಸಿ ಓದಿದಳು. "ಒಟ್ಟು ನಾನ್ ಅಂತ ಬಂತಲ್ಲೋ. ನಾನ್ ಅಂದ್ರೆ ಯಾರು? ದುಡ್ಡು ನೀನೇ ಕೊಡ್ತೀಯಾ?"

ಅದು 'ಇದು ಸಂಖ್ಯೆಯೇ ಅಲ್ಲ' ಅಂತ ಜಾವಾಸ್ಕ್ರಿಪ್ಟ್, ಅಂದರೆ ಸ್ಕ್ರಿಪ್ಟ್ ಬರೆಯುವ ಭಾಷೆ, ಕೈಯೆತ್ತುವ ರೀತಿ. ಟ್ಯಾಗಿನೊಳಗೆ ಬರೆದ ಕ್ಯಾಪಿಟಲ್ ಅಕ್ಷರವನ್ನು ಬ್ರೌಸರ್ ಸಣ್ಣದು ಮಾಡಿಬಿಡುತ್ತದೆ. ನಾನು ಕೇಳಿದ ಹೆಸರಿನ ಚೀಟಿ ಅಲ್ಲಿ ಇರಲೇ ಇಲ್ಲ. ಇಲ್ಲದ್ದಕ್ಕೆ 80 ಕೂಡಿಸಿದರೆ ಇನ್ನೇನು ಬರುತ್ತದೆ? ಟ್ಯಾಗಿನಲ್ಲಿ 'ಜಾರ್', ಅಡ್ಡಗೆರೆ, 'ರೇಟ್' ಅಂತ ಎಲ್ಲಾ ಸಣ್ಣಕ್ಷರದಲ್ಲಿ ಬರೆಯಬೇಕು. ಸ್ಕ್ರಿಪ್ಟಿಗೆ ಬರುವಾಗ ಗೆರೆ ಮಾಯವಾಗಿ ಅದರ ಮುಂದಿನ ಅಕ್ಷರ ಕ್ಯಾಪಿಟಲ್ ಆಗುತ್ತದೆ. ದೊಡ್ಡಮ್ಮನಿಗೆ ಇದನ್ನು ವಿವರಿಸಿದೆ. "ತವರಲ್ಲಿ ಒಂದು ಹೆಸರು, ಗಂಡನ ಮನೇಲಿ ಇನ್ನೊಂದು. ಅಷ್ಟೇ ತಾನೆ? ನಂಗೂ ಹಾಗೇ ಮಾಡಿದ್ರು" ಅಂದಳು. ನಾನು ಇದನ್ನು ಕಲಿಯಲು ಒಂದು ಮಧ್ಯಾಹ್ನ ಪೂರ್ತಿ ತೆಗೆದುಕೊಂಡಿದ್ದೆ.

ಸರಿ ಮಾಡಿ ಪುಟ ಬಿಟ್ಟೆ. ಅಷ್ಟರಲ್ಲಿ ಗಾಳಿಗೆ ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು, ಎರಡು ದಿನ ಬರಲಿಲ್ಲ. ಮೂರನೇ ದಿನ ಫೋನ್ ಜೀವ ಹಿಡಿದ ಕೂಡಲೇ ಬೆಂಗಳೂರಿನ ಭಾವನ ಕರೆ.

"ಎಂತ ಮಾರಾಯ, ಒಂದು ಭರಣಿ ಮಿಡಿಗೆ 35,080 ರೂಪಾಯಾ? ಭರಣಿ ಬಂಗಾರದ್ದಾ?"

ಚೀಟಿ ಅಂದರೆ ಬರೀ ಬರಹ. ಅದರ ಮೇಲೆ 350 ಅಂತ ಬರೆದರೂ ಸ್ಕ್ರಿಪ್ಟಿಗೆ ಅದು ಮೂರು, ಐದು, ಸೊನ್ನೆ ಅನ್ನುವ ಅಕ್ಷರಗಳ ಸಾಲು. ಬರಹಕ್ಕೆ 80 ಕೂಡಿಸು ಅಂದರೆ ಪಕ್ಕದಲ್ಲಿ ಅಂಟಿಸಿ ಕೊಡುತ್ತದೆ. ಗುಣಿಸು ಅಂದಿದ್ದರೆ ತಾನಾಗಿ ಸಂಖ್ಯೆ ಮಾಡಿಕೊಳ್ಳುತ್ತಿತ್ತು. ಕೂಡುವಾಗ ಮಾತ್ರ ಈ ಹಟ. 'ನಂಬರ್' ಅಂತ ಮೊದಲೇ ಹೇಳಿ ಬದಲಾಯಿಸಿಕೊಳ್ಳಬೇಕು. ದೊಡ್ಡಮ್ಮನಿಗೆ ಇದು ಅಷ್ಟೇನೂ ಬೇಜಾರಾಗಲಿಲ್ಲ. "ಒಬ್ಬರಾದ್ರೂ ತಗೊಂಡ್ರಾ?" ಅಂತ ಎರಡು ಸಲ ಕೇಳಿದಳು.

ಇನ್ನೊಂದು ಸಣ್ಣ ಎಡವಟ್ಟು. ಬಟನ್ನಿನ ಅಂಚು ಒತ್ತಿದವರಿಗೆ ಆರ್ಡರ್ ಆಗುತ್ತಿತ್ತು, ಅದರೊಳಗಿನ ಭರಣಿಯ ಚಿತ್ರ ಒತ್ತಿದವರಿಗೆ ಇಲ್ಲ. ಚೀಟಿ ಇದ್ದದ್ದು ಬಟನ್ನಿಗೆ, ನಾನು ಕೇಳುತ್ತಿದ್ದದ್ದು ಚಿತ್ರವನ್ನು. 'ಕ್ಲೋಸೆಸ್ಟ್' ಅಂತ ಒಂದು ಮಾತು ಸೇರಿಸಿದೆ. ಅದು ಮೇಲೆ ಮೇಲೆ ಹತ್ತಿಕೊಂಡು ಹೋಗಿ, ಚೀಟಿ ಇರುವ ಹಿರಿಯರನ್ನು ಹುಡುಕಿ ತರುತ್ತದೆ.

ದೊಡ್ಡ ಪಜೀತಿ ಆದದ್ದು ಜೀರಿಗೆ ಮಿಡಿಯಲ್ಲಿ. ಅದು ಖಾಲಿಯಾಗಿತ್ತು. ನಾನು ಜಾಣನ ಹಾಗೆ ದಾಸ್ತಾನಿನ ಚೀಟಿಯಲ್ಲಿ 'ಫಾಲ್ಸ್' ಅಂತ ಬರೆದು, ಚೀಟಿ ಸುಳ್ಳಾದರೆ ಬಟನ್ ಮುಚ್ಚಲಿ ಅಂತ ಬಿಟ್ಟಿದ್ದೆ. ಬಟನ್ ಮುಚ್ಚಲಿಲ್ಲ. ಇಲ್ಲದ ಉಪ್ಪಿನಕಾಯಿಗೆ ಹನ್ನೊಂದು ಆರ್ಡರ್ ಬಂದವು. ಯಾಕೆಂದರೆ ಚೀಟಿಯಲ್ಲಿ ಏನಾದರೂ ಬರೆದಿದ್ದರೆ ಸಾಕು, ಜಾವಾಸ್ಕ್ರಿಪ್ಟಿಗೆ ಅದು ನಿಜ. 'ಸುಳ್ಳು' ಅಂತ ಬರೆದಿದ್ದರೂ ನಿಜ. ಪೂರ್ತಿ ಖಾಲಿ ಬಿಟ್ಟರೆ ಮಾತ್ರ ಸುಳ್ಳು.

ತಲೆ ಚಚ್ಚಿಕೊಂಡು ಕೂತಿದ್ದಾಗ ಅಟ್ಟದಿಂದ ದೊಡ್ಡಪ್ಪನ ಗೊಣಗಾಟ ಕೇಳಿಸಿತು. ಹೋಗಿ ನೋಡಿದರೆ ಮೊಣಕೈವರೆಗೂ ಭರಣಿಯೊಳಗೆ ಕೈ ಬಿಟ್ಟು ತಡಕಾಡುತ್ತಿದ್ದಾರೆ. ಭರಣಿಗೆ ಚೀಟಿ ಇದೆ. ಚೀಟಿಯ ಮೇಲೆ ದೊಡ್ಡದಾಗಿ 'ಖಾಲಿ' ಅಂತಲೇ ಇದೆ.

"ಓದಲಿಲ್ವಾ ದೊಡ್ಡಪ್ಪ?"

"ಚೀಟಿ ಕಟ್ಟಿದ್ದಾಳೆ ಅಂದ ಮೇಲೆ ಒಳಗೆ ಏನೋ ಇರುತ್ತೆ ಅಂತ."

ಅವತ್ತಿನಿಂದ ನನಗೆ ಜಾವಾಸ್ಕ್ರಿಪ್ಟ್ ಮೇಲೆ ಸಿಟ್ಟಿಲ್ಲ.

ಎಲ್ಲಾ ಸರಿಯಾಯಿತು ಅನ್ನುವಾಗ ಶಿವಮೊಗ್ಗದಲ್ಲಿ ಓದುವ ದೊಡ್ಡಮ್ಮನ ಮೊಮ್ಮಗನಿಂದ ಒಂದು ಆರ್ಡರ್ ಬಂತು. ಒಂದು ಭರಣಿ ಅಪ್ಪೆಮಿಡಿ, ಕಟ್ಟಿದ ದುಡ್ಡು 83 ರೂಪಾಯಿ. ಫೋನ್ ಮಾಡಿದರೆ ಕಿಸಿಕಿಸಿ ನಗು. "ಮಾವ, ಬ್ರೌಸರಲ್ಲಿ ಇನ್‌ಸ್ಪೆಕ್ಟ್ ಒತ್ತಿದೆ. ನಿಮ್ಮ ಚೀಟಿ ಕಾಣಿಸ್ತು. 350 ಅಳಿಸಿ 3 ಅಂತ ಬರೆದೆ." ಚೀಟಿ ನೋಡುವವರಿಗೆ ಕಾಣುವುದಿಲ್ಲ ಅಂದೆನಲ್ಲ, ಅಟ್ಟ ಹತ್ತಲು ಗೊತ್ತಿದ್ದವರಿಗೆ ಕಾಣುತ್ತದೆ, ತಿದ್ದಲೂ ಆಗುತ್ತದೆ. ಅವನು ತಿದ್ದಿದ್ದು ಅವನ ಪರದೆಯಲ್ಲಿ ಮಾತ್ರ. ಆದರೆ ನಾನು ಅಲ್ಲಿಂದ ಬಂದ ಒಟ್ಟು ಮೊತ್ತವನ್ನೇ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದೆ. ರೇಟನ್ನು ನಮ್ಮ ಕಡೆಯ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಇನ್ನೊಮ್ಮೆ ನೋಡಬೇಕು ಅಂತ ಹೊಳೆದಿರಲಿಲ್ಲ.

ದೊಡ್ಡಮ್ಮನಿಗೆ ಹೆದರುತ್ತಲೇ ಹೇಳಿದೆ. ಅವಳು ಬೈಯಲಿಲ್ಲ. "ದುಡ್ಡು ಬಂದಿದೆ ತಾನೆ? ಕಳಿಸೋಣ" ಅಂತ ಒಳಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದಳು. ಒಳಗೆ ತೊಟ್ಟು ಸಮೇತ ಒಂದೇ ಒಂದು ಮಿಡಿ. "ಮೂರು ರೂಪಾಯಿಗೆ ಒಂದು ಪೂರ್ತಿ ಬರೋದಿಲ್ಲ. ಮೊಮ್ಮಗ ಅಂತ ಹಾಕಿದೀನಿ."

ಡಬ್ಬಿಗೆ ಬಾಳೆನಾರು ಸುತ್ತಿ ಚೀಟಿಯನ್ನೂ ಕಟ್ಟಿದ್ದಳು. ರೇಟು 3, ಪಾರ್ಸೆಲ್ 80. ಕೆಳಗೆ ಗೆರೆ ಎಳೆದು ಒಟ್ಟು 83 ಅಂತ ಬರೆದು, ನನ್ನ ಕಡೆ ತಿರುಗಿಸಿ ತೋರಿಸಿದಳು. "ಕೂಡಿದ್ದು ಸರಿ ಇದೆಯಾ ನೋಡು."